ಮಧ್ಯಾಹ್ನದ ಫೋನು

ನನ್ನ ಮೊಮ್ಮಗನನ್ನು ನೋಡಿಕೊಳ್ಳುವ ಆಯಾಳ ಗಂಟಲು ಮೂರು ಬೀದಿಗೆ ಕೇಳುತ್ತದೆ. ಮಗು ಸೀನಿದರೆ ಕಿಟಕಿಯನ್ನು ಬೈಯುತ್ತಾಳೆ, ಎಡವಿದರೆ ನೆಲಕ್ಕೆ ಎರಡೇಟು ಹಾಕುತ್ತಾಳೆ, ಹಾಲು ಬೇಡವೆಂದರೆ ಲೋಟದ ಮೇಲೆ ತಪ್ಪು ಹೊರಿಸುತ್ತಾಳೆ. "ಮಗೂದೇನೂ ತಪ್ಪಿರಲ್ಲ ಅಜ್ಜಿ, ತಪ್ಪೆಲ್ಲ ದೊಡ್ಡವರದ್ದೇ" ಎನ್ನುವುದು ಅವಳ ವೇದವಾಕ್ಯ. ಊರಿನ ನೂಲಿನ ಗಿರಣಿ ಮುಚ್ಚಿದಾಗ ಎಂಟು ತಿಂಗಳ ಮಗಳನ್ನು ಅಕ್ಕನ ಮಡಿಲಿಗೆ ಹಾಕಿ ಬಂದವಳು ಇವಳು. ಆ ಮಗಳಿಗೀಗ ಐದು ವರ್ಷ. ದಿನಾ ಮಧ್ಯಾಹ್ನ ನಮ್ಮ ಮಗು ಮಲಗಿದ ಮೇಲೆ ಹಿತ್ತಿಲ ಮೆಟ್ಟಿಲಲ್ಲಿ ಕೂತು ಊರಿಗೆ ಫೋನು ಮಾಡುತ್ತಾಳೆ. ಮಗಳು ಅಕ್ಕನನ್ನು ಅಮ್ಮ ಅನ್ನುತ್ತಾಳೆ, ಇವಳನ್ನು ಚಿಕ್ಕಮ್ಮ. "ನಿಜ ಹೇಳ್ಬಾರ್ದೇನೇ?" ಎಂದು ಒಮ್ಮೆ ಕೇಳಿದೆ. "ಹೇಳಿದ್ರೆ, ಮತ್ತೆ ನನ್ನ ಯಾಕೆ ಬಿಟ್ಟುಹೋದೆ ಅಂತಾಳಲ್ಲ ಅಜ್ಜಿ" ಎಂದು ನಕ್ಕಳು. ಮೊನ್ನೆ ಫೋನಿನಾಚೆಯ ಅಳು ನನಗೂ ಕೇಳಿಸಿತು. "ಚಿಕ್ಕಮ್ಮಾ, ಅಮ್ಮ ನಂಗೆ ಹೊಡೆದ್ಲು. ನೀನೇ ಬಂದು ಕರ್ಕೊಂಡ್ಹೋಗು." ಆಯಾ ಮೆಲ್ಲಗೆ ಹೇಳಿದಳು: "ಹಾಗನ್ಬಾರ್ದು ಕಂದಾ. ಹೊಡೆದ್ರೂ ನಿಮ್ಮಮ್ಮಾನೇ ಅಲ್ವಾ? ಹೋಗು, ಅಮ್ಮನ್ನ ತಬ್ಕೊಂಡು ಮಲಕ್ಕೋ."