ಕಫದಕ್ಕ ಕಂಡ ಹಳದಿ

ಬೆಳಗಿನ ಆರೂವರೆ. ಆಸ್ಪತ್ರೆಯ ಹಿಂಬದಿಯ ಲ್ಯಾಬಿನಲ್ಲಿ ಕಫದಕ್ಕ ಎರಡು ಗಾಜಿನ ನಳಿಗೆಗಳನ್ನು ಅಕ್ಕಪಕ್ಕ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾರೆ. ಒಳಗೆ ಮೊಟ್ಟೆ ಬೆರೆಸಿ ಗಟ್ಟಿ ಮಾಡಿದ ಹಸಿರು ಪದಾರ್ಥ, ಅದರ ಮೇಲೆ ಒಬ್ಬನೇ ರೋಗಿಯ ಕಫದಿಂದ ಬೆಳೆಸಿದ ರೋಗಾಣು. ನಿನ್ನೆ ಒಂದು ನಳಿಗೆಗೆ ಬೆಳ್ಳಿಹಾಳೆ ಸುತ್ತಿಟ್ಟಿದ್ದರು, ಇನ್ನೊಂದಕ್ಕೆ ದೀಪದ ಬೆಳಕು ತೋರಿಸಿದ್ದರು. ಸುತ್ತಿಟ್ಟದ್ದು ಬೆಳ್ಳಗೇ ಇದೆ. ಬೆಳಕು ಕಂಡದ್ದು ನಿಂಬೆಹಣ್ಣಿನ ಹಳದಿಗೆ ತಿರುಗಿದೆ.

"ಸಿಕ್ಕಿಬಿದ್ದೆಯಾ ಕಳ್ಳಾ!" ಎಂದು ನಳಿಗೆಯನ್ನೇ ಗದರುತ್ತಾರೆ. "ಕ್ಷಯದ ಹುಳ ಹೀಗೆ ಬಣ್ಣ ಬದಲಾಯ್ಸಲ್ಲ. ಇದು ಅದರ ದಾಯಾದಿ."

ಇಪ್ಪತ್ತೆರಡು ವರ್ಷಗಳಿಂದ ಅವರದು ಕಫ ಪರೀಕ್ಷಿಸುವ ಕೆಲಸ. ಅಡ್ಡಹೆಸರು ವಾರ್ಡಿನವರು ಇಟ್ಟದ್ದು, ಅವರಿಗೇನೂ ಬೇಸರವಿಲ್ಲ. ದಿನಕ್ಕೆ ಇಪ್ಪತ್ತೈದು ಸ್ಲೈಡು, ಒಂದೊಂದರಲ್ಲೂ ನೂರು ಕಡೆ ಕಣ್ಣಾಡಿಸಬೇಕು. ಸಂಜೆಗೆ ಕತ್ತು ಹಿಡಿದುಕೊಳ್ಳುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾದಿನಿ ಇವರು ಮಾಡಿದ ಅಡುಗೆ ಮುಟ್ಟುತ್ತಿರಲಿಲ್ಲವಂತೆ. ಗಂಡನ ದೂರೇ ಬೇರೆ: "ನಮ್ಮನೇಲಿ ಕೆಮ್ಮೋ ಹಾಗಿಲ್ಲ ಸ್ವಾಮಿ, ತಕ್ಷಣ ಡಬ್ಬಿ ಹಿಡ್ಕೊಂಡು ಬರ್ತಾಳೆ!"

ಪೀಕಲಾಟ ಬರುವುದು ಎಚ್‌ಐವಿ ಇರುವವರ ಕಫ ಬಂದಾಗ. ಅವರ ಮೈಯ ಕಾವಲು ಸಡಿಲವಾಗಿದ್ದರೆ, ನೀರು ಮಣ್ಣಿನಲ್ಲಿ ತಮ್ಮ ಪಾಡಿಗಿರುವ ಕ್ಷಯದ ದಾಯಾದಿಗಳೂ ಒಳನುಗ್ಗುತ್ತವೆ. ಅದೇ ಕೆಮ್ಮು, ಅದೇ ಜ್ವರ. ಮೈಕ್ರೋಸ್ಕೋಪಿನಲ್ಲಿ ನೋಡಿದರೂ ಅವೇ ಕೆಂಪು ಕಡ್ಡಿಗಳು. ಔಷಧಿ ಮಾತ್ರ ಬೇರೆ.

ಈ ನಳಿಗೆಗಳ ರೋಗಿಯೂ ಅಂಥವರೇ, ಒಬ್ಬ ಟೈಲರ್. ಕ್ಷಯವನ್ನು ಬೇಗ ಪತ್ತೆ ಹಚ್ಚುವ ಯಂತ್ರ ಆಗ ಕೆಟ್ಟು ಕೂತಿತ್ತು. ಕೆಂಪು ಕಡ್ಡಿ ಕಂಡದ್ದೇ ಕ್ಷಯವೆಂದು ಮಾತ್ರೆ ಶುರುವಾಯಿತು. ಎರಡು ತಿಂಗಳು ನುಂಗಿದರೂ ಕೆಮ್ಮು ಜಗ್ಗಲಿಲ್ಲ. ನಾಲ್ಕು ವರ್ಷದ ಮಗಳಿಗೆ ಅಂಟೀತೆಂದು ಅವರು ಅಂಗಡಿಯಲ್ಲೇ ಮಲಗುತ್ತಾರೆ. ಮಗಳು ರಸ್ತೆಯಾಚೆ ನಿಂತು ಕೈ ಬೀಸಿ ಹೋಗುತ್ತಾಳೆ.

ಗುಟ್ಟು ಬಯಲಾದದ್ದು ಮರೆವಿನಿಂದ. ರೋಗಾಣು ಬೆಳೆಸುವ ಕತ್ತಲ ಪೆಟ್ಟಿಗೆಯಲ್ಲಿರಬೇಕಿದ್ದ ಟೈಲರ ಮೊದಲ ನಳಿಗೆಯನ್ನು ಯಾರೋ ಕಿಟಕಿಯ ಬಳಿ ಬಿಟ್ಟಿದ್ದರು, ಅದು ಹಳದಿಯಾಯಿತು. "ಕೆಟ್ಟೋಗಿದೆ, ಬಿಸಾಕಿ," ಎಂದರು ಸಹೋದ್ಯೋಗಿ. ಕಫದಕ್ಕ ಬಿಸಾಡಲಿಲ್ಲ. ಹಾಗೆಂದು ಕಣ್ಣುಮುಚ್ಚಿ ನಂಬಲೂ ಇಲ್ಲ. "ನಲ್ಲಿ ನೀರಲ್ಲಿ ಬಾಯಿ ಮುಕ್ಕಳಿಸಿದ್ರೂ ಈ ಹುಳ ಕಫಕ್ಕೆ ಸೇರ್ಕೋಬಹುದು. ಸುಮ್ನೆ ಹುಳದ ಮೇಲೆ ಗೂಬೆ ಕೂರಿಸೋಕಾಗುತ್ತಾ?" ಟೈಲರನ್ನು ಕರೆಸಿ, ಕುದಿಸಿ ಆರಿಸಿದ ನೀರು ಕೊಟ್ಟು ಮುಕ್ಕಳಿಸಲು ಹೇಳಿ, ಹೊಸದಾಗಿ ಕಫ ಪಡೆದು ಮೂರು ವಾರ ಕಾದರು. ಇವತ್ತಿನ ಹಳದಿ ಅದರದ್ದು. ರಿಪೇರಿಯಾದ ಯಂತ್ರವೂ ಕ್ಷಯವಲ್ಲ ಎನ್ನುತ್ತಿದೆ.

ವರದಿ ಡಾಕ್ಟರ ಕೈ ಸೇರಿದ ಮಾರನೆಯ ದಿನ ಟೈಲರ್ ಲ್ಯಾಬಿನ ಬಾಗಿಲಿಗೆ ಬರುತ್ತಾರೆ. ಹೆಂಡತಿ, ಮಗಳು ನಾಲ್ಕು ಮಾರು ದೂರದಲ್ಲಿ ನಿಂತಿದ್ದಾರೆ.

"ಔಷಧಿ ಬದಲಾಯ್ಸಿದ್ರು ಅಕ್ಕಾ. ಇದು ಒಬ್ರಿಂದ ಒಬ್ರಿಗೆ ಅಂಟಲ್ಲ ಅಂದ್ರು. ನಿಜಾನಾ?"

"ಡಾಕ್ಟ್ರೇ ಹೇಳಿದ್ಮೇಲೆ ನನ್ನನ್ಯಾಕೆ ಕೇಳ್ತೀರಿ?"

"ಅವ್ರು ಕಾಗದ ನೋಡಿ ಹೇಳಿದ್ರು. ಹುಳ ಕಂಡೋರು ನೀವು."

ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಹೀಗೆ ಕೇಳಿರಲಿಲ್ಲ. ಕಫದಕ್ಕ ದೂರ ನಿಂತ ಮಗುವಿನತ್ತ ನೋಡುತ್ತಾರೆ.

"ಹೂಂ ಕಣಪ್ಪಾ, ನಾನೇ ಕಂಡಿದ್ದೀನಿ. ಎತ್ಕೋ ಮಗೂನ."