ಅಮ್ಮ ಒಲೆ ಆರಿಸಿ ಹೋದ ಅಧ್ಯಾಯ

ಐರ್ಲೆಂಡಿನ ಲೆಟರ್‌ಕೆನ್ನಿ ಊರಿನ ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಇನ್ನೂ ನಸುಗತ್ತಲು. ಹಳೆಯ ಕಾರಿನ ಗಾಜುಗಳನ್ನೆಲ್ಲ ಏರಿಸಿಕೊಂಡು ವನಜಾ ತಾವು ಬರೆದ ಕಥೆಯನ್ನು ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದಾರೆ. ಮೈಮೇಲೆ ಕ್ಲೀನಿಂಗ್ ಸಿಬ್ಬಂದಿಯ ಸಮವಸ್ತ್ರ, ಗಲ್ಲಕ್ಕೆ ಇಳಿದ ಮಾಸ್ಕ್. ಕೋವಿಡ್ ವಾರ್ಡಿನ ನೆಲ ಒರೆಸಲು ಹೋಗುವಷ್ಟರಲ್ಲಿ ಒಂದು ಅಧ್ಯಾಯ ಮುಗಿಯಬೇಕು. "ಮನೇಲಿ ಓದಿದ್ರೆ ಎಲ್ರೂ ಎದ್ದುಬಿಡ್ತಾರೆ, ಗೋಡೆ ಅಷ್ಟು ತೆಳು" ಎಂದು ನಗುತ್ತಾರೆ.

ಮೈಸೂರಿನಲ್ಲಿ ಕನ್ನಡ ಟೀಚರ್ ಆಗಿದ್ದ ವನಜಾ ಇಲ್ಲಿ ನೆಲ ಒರೆಸುತ್ತೇನೆಂದು ಮರುಗುವವರಲ್ಲ. ಲಾಕ್‌ಡೌನ್ ಶುರುವಾದಾಗ, ಉಬ್ಬಸದಿಂದ ಹೊರಬರಲಾಗದ ಪಕ್ಕದ ಮನೆಯ ಫಿಲೊಮಿನಾಗೆ ದಿನಸಿ ತಂದು ಹೊಸ್ತಿಲಲ್ಲಿ ಇಡತೊಡಗಿದರು. ಕಿಟಕಿಯೊಳಗಿನಿಂದಲೇ ಫಿಲೊಮಿನಾ ತಮ್ಮ ಬಾಲ್ಯ ಹೇಳಿಕೊಂಡರು. 1968, ಗಡಿಯಾಚೆ ಉತ್ತರ ಐರ್ಲೆಂಡಿನ ಡೆರಿ ಪಟ್ಟಣ. ಅಜ್ಜಿಯ ಪುಟ್ಟ ಮನೆಯಲ್ಲಿ ಒಂಬತ್ತು ಜನ. ನಗರಸಭೆ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಮನೆ ಹೆಸರಿಗಿದ್ದ ಅಜ್ಜಿಗೆ ಮಾತ್ರ, ಅಪ್ಪ ಅಮ್ಮನಿಗಿಲ್ಲ. ಬೇರೆ ಮನೆ ಕೇಳಿದರೆ ಅದೂ ಇಲ್ಲ, ಕ್ಯಾಥೊಲಿಕರಿಗೆ ಮನೆ ಕೊಟ್ಟರೆ ಮತವನ್ನೂ ಕೊಟ್ಟಂತಾಗುತ್ತದಲ್ಲ! ಒಂದು ಶನಿವಾರ ಅಮ್ಮ ಒಲೆ ಆರಿಸಿ ಈ ಹಕ್ಕುಗಳಿಗಾಗಿ ನಡೆದ ಮೆರವಣಿಗೆಗೆ ಹೊರಟೇಬಿಟ್ಟರು. ವನಜಾ ಮಕ್ಕಳಿಗಾಗಿ ಬರೆದ ಕಾದಂಬರಿ ಇದೇ. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲದ ಈ ದಿನಗಳಲ್ಲಿ ಆ ಬೀದಿಯನ್ನು ಅವರಿನ್ನೂ ಕಣ್ಣಾರೆ ಕಂಡಿಲ್ಲ.

ಭಾನುವಾರದ ಆನ್‌ಲೈನ್ ಕನ್ನಡ ತರಗತಿಯಲ್ಲಿ ಐರ್ಲೆಂಡಿನ ಕನ್ನಡ ಮಕ್ಕಳು ಈ ಕಥೆಗೆ ಕಿವಿಗೊಡುತ್ತಿದ್ದರು. ಮೆರವಣಿಗೆಯ ಅಧ್ಯಾಯ ಬರುವ ಮೊದಲೇ, ಅದನ್ನು ಮುಂಚಿತವಾಗಿ ಓದಿದ್ದ, ತರಗತಿ ನಡೆಸುವ ಎಂಜಿನಿಯರ್ ಹೇಮಚಂದ್ರರ ಫೋನ್ ಬಂತು. "ಮೇಡಂ, ಮಕ್ಕಳನ್ನ ಹಸಿದ ಹೊಟ್ಟೇಲಿ ಬಿಟ್ಟು ತಾಯಿ ಹೋಗೋದು ಚೆನ್ನಾಗಿರಲ್ಲ. ಪೇರೆಂಟ್ಸ್ ಬೇಜಾರು ಮಾಡ್ಕೋತಾರೆ. ಬೇಕಾದ್ರೆ ಅಪ್ಪನ್ನ ಕಳ್ಸಿ. ಇಲ್ಲಾಂದ್ರೆ ಕಥೆ ಇಲ್ಲಿಗೇ ನಿಲ್ಲಿಸೋಣ."

"ಅಲ್ಲ ಸರ್, ನಾನೂ ದಿನಾ ತಿಂಡಿ ಮಾಡ್ದೆ ಆಸ್ಪತ್ರೆ ಕೆಲಸಕ್ಕೆ ಮನೆ ಬಿಡ್ತೀನಲ್ಲ? ಅದಕ್ಕೆ ನೀವೆಲ್ಲ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದ್ರಿ!"

ತರಗತಿ ಕೈತಪ್ಪಿತು, ವನಜಾ ಜಗ್ಗಲಿಲ್ಲ. ಈಗ ಕಾರಿನಲ್ಲಿ ಓದಿ, ಬೇಕೆಂದು ಕೇಳಿದ ಮನೆಗಳಿಗೆ ವಾಟ್ಸಾಪ್ ಮಾಡುತ್ತಾರೆ. ಕೇಳಿದವರು ಕಡಿಮೆ. ಇರಲಿ. ಗಂಡ ಹುಯ್ದ ಹರುಕು ದೋಸೆ ತಿನ್ನುತ್ತಾ ಕಥೆ ಕೇಳುವ ಮಗಳು ಅಪೂರ್ವಾ, ಚೆನ್ನಾಗಿದೆ ಅನ್ನಲು ಇಲ್ಲಿಯವರು ಹೇಳುವಂತೆ, "ಗ್ರ್ಯಾಂಡ್, ಅಮ್ಮ" ಅನ್ನುತ್ತಾಳಂತೆ. ದೋಸೆಗೋ ಕಥೆಗೋ ವನಜಾ ವಿಚಾರಿಸಿಲ್ಲ.

ಇವತ್ತು ಓದುತ್ತಿರುವುದು ಅದೇ ಅಧ್ಯಾಯ. ಲಾಠಿ ಪೆಟ್ಟು ತಿಂದ ಅಮ್ಮ ಸಂಜೆ ಮನೆಗೆ ಬರುತ್ತಾಳೆ. ಮಕ್ಕಳು ತಾವೇ ಆಲೂಗಡ್ಡೆ ಬೇಯಿಸಲು ಹೋಗಿ ಸೀಯಿಸಿಟ್ಟಿದ್ದಾರೆ. ಆಮೇಲೆ ಅವಳು ಏನು ಮಾಡುತ್ತಾಳೆ ಎಂದು ಕೇಳಿದರೆ, ವನಜಾ ಮಾಸ್ಕ್ ಏರಿಸಿ ಕಾರಿನ ಬಾಗಿಲು ತೆಗೆಯುತ್ತಾರೆ.

"ಸೀದಿದ್ದನ್ನೇ ಮಕ್ಕಳ ಜೊತೆ ಕೂತು ತಿಂತಾಳೆ. ಸಾರಿ ಮಾತ್ರ ಕೇಳಲ್ಲ. ನಾನೂ ಕೇಳಲ್ಲ."