ಚರಂಡಿ ಬದಿಯ ಕೆಸು

ನಾನು ಚಿಕ್ಕವನಿದ್ದಾಗ ಬಹಳ ಸಾಧು ಹುಡುಗನಾಗಿದ್ದೆ ಎಂದರೆ ಅದು ಸುಳ್ಳು, ಮಕ್ಕಳೇ. ಬೇಲಿಯಾಚೆಯ ಮನೆಯ ಅತ್ತೆಯ ಮೇಲಿನ ನನ್ನ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಶಕ್ತಿನಗರದ ನಮ್ಮ ಮನೆಯ ಹಿಂದೆ, ಹಲಸಿನ ಮರದಡಿ, ಬಿಸಿಲು ಬೀಳದ ತಂಪು ಜಾಗವಿತ್ತು. ಅಕ್ಕ ಅಲ್ಲಿ ಕೆಸುವಿನ ಗಡ್ಡೆ ನೆಟ್ಟು, ದಿನವೂ ಅಕ್ಕಿ ತೊಳೆದ ನೀರು ಹೊಯ್ದು ಬೆಳೆಸಿದಳು. ತುರಿಸದ ಒಳ್ಳೆಯ ಜಾತಿ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಆ ಎಲೆಗೆ ಹಿಟ್ಟು ಹಚ್ಚಿ, ಸುತ್ತಿ, ಬೇಯಿಸಿ ಅಪ್ಪನಿಗೆ ತಾನೇ ಪತ್ರೊಡೆ ಬಡಿಸಬೇಕೆಂಬುದು ಅವಳ ಆಸೆ. ಎಲೆಗಳು ಮೊರದಷ್ಟು ಅಗಲವಾದವು. ಅಕ್ಕಿ ನೆನೆಹಾಕಿ ಅಕ್ಕ ಹೋಗಿ ನೋಡಿದರೆ ಬರೀ ದಂಟು!

"ಹುಳ ತಿಂದಿರ್ಬೇಕು ಮಾರಾಯ್ತಿ," ಎಂದರು ಅತ್ತೆ.

ಕತ್ತಿಯಲ್ಲಿ ಕೊಯ್ಯುವ ಹುಳ! ಸಂಜೆ ಅವರ ಅಡುಗೆಮನೆಯಿಂದ ಪತ್ರೊಡೆಯ ಘಮ ಬಂತು. ಹಿಂದೆಯೇ, ವಾಡಿಕೆಯಂತೆ, ನಮಗೂ ಒಂದು ತಟ್ಟೆ ಬಂತು. ಅಪ್ಪ ಚಪ್ಪರಿಸಿ ತಿಂದರು. ತಿಂಡಿ ಕೊಟ್ಟವರ ಮೇಲೆ ದೂರು ಹೇಳಿದರೆ ನಮ್ಮನ್ನೇ ಗದರುತ್ತಿದ್ದರು. ಅಕ್ಕ ಬಚ್ಚಲಿಗೆ ಹೋಗಿ ಅತ್ತಳು. ನನಗೆ ಮೈಯೆಲ್ಲ ಉರಿಯಿತು.

ಮರುದಿನವೇ ಚರಂಡಿ ಬದಿಯ ಕಾಡುಕೆಸುವನ್ನು ಮಣ್ಣು ಸಮೇತ ಕಿತ್ತು ತಂದು ಆ ದಂಟುಗಳ ನಡುವೆ ನೆಟ್ಟೆ. ನೋಡಲು ಅಂಥದ್ದೇ ಎಲೆ, ತಿಂದರೆ ಗಂಟಲು ಕೆರೆಯುತ್ತದೆ. ಎರಡು ವಾರದಲ್ಲಿ ಅವು ಚೇತರಿಸಿಕೊಂಡು ನಿಂತವು. ಒಂದು ದಿನ ಮಾಯವೂ ಆದವು. ಅಕ್ಕನ ಕೆಸು ತುರಿಸುವುದಿಲ್ಲವೆಂಬ ಧೈರ್ಯದಲ್ಲಿ ಅತ್ತೆ ತುರಿಕೆ ಮುರಿಯುವ ಹುಣಸೆಹುಳಿಯನ್ನೂ ಕಡಿಮೆ ಹಾಕಿದ್ದರು.

ನಾನು ಮರೆತದ್ದು ತಟ್ಟೆಯನ್ನು. ಅದು ಮತ್ತೆ ಬಂತು. ಅಪ್ಪ ಒಂದು ತುಂಡನ್ನು ಬಾಯಿಯ ಹತ್ತಿರ ಒಯ್ದರು. ನಿಜ ಹೇಳಿದರೆ ನನ್ನ ಬೆನ್ನಿಗೆ ಪೆಟ್ಟು, ಹೇಳದಿದ್ದರೆ ಅಪ್ಪನ ಗಂಟಲಿಗೆ.

"ಎಲ್ಲ ನನಗೇ ಬೇಕು!" ಎಂದು ಕಸಿದುಕೊಂಡೆ.

"ಎಂತ ಆಸೆಬುರುಕ ಮಾರಾಯ ನೀನು! ತಿನ್ನು, ಒಂದು ತುಂಡೂ ಬಿಡ್ಬಾರ್ದು," ಎಂದು ಅಪ್ಪ ಎದುರಿಗೇ ಕುಳಿತರು.

ತಿಂದೆ. ಗಂಟಲೊಳಗೆ ಮುಳ್ಳು ಆಡಿಸಿದಂತಾಯಿತು. ಅಷ್ಟರಲ್ಲಿ ಬೇಲಿಯಾಚೆ ಅತ್ತೆ ಅಯ್ಯಯ್ಯೋ ಎನ್ನುತ್ತಾ ಮಜ್ಜಿಗೆ ಮುಕ್ಕಳಿಸುವ ಸದ್ದು ಕೇಳಿತು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನನಗೆ ಹಬ್ಬವಾಯಿತು.

ನಿಮಗೆ ಈಗ ಯಾರ ಮೇಲಾದರೂ ಸಿಟ್ಟು ಬಂದರೆ ಮೊಬೈಲಿನಲ್ಲಿ ಬ್ಲಾಕ್ ಮಾಡುತ್ತೀರಿ. ಫ್ಲ್ಯಾಟಿನ ಬಾಗಿಲು ಹಾಕಿದರೆ ಎದುರು ಮನೆಯವರು ಏನು ಬೇಯಿಸಿದರೆಂದೂ ತಿಳಿಯದು. ನಮಗೆ ಆ ಸೌಕರ್ಯ ಇರಲಿಲ್ಲ. ಶತ್ರುವಿಗೆ ಉಣಿಸಿದ್ದನ್ನು ನಾವೂ ಉಣ್ಣಬೇಕಿತ್ತು.